ಮಸಲ್ ರಿಲ್ಯಾಕ್ಸೆಂಟ್: ಕೊಡುವುದು ಹತ್ತು ಸೆಕೆಂಡ್, ಕಾಯುವುದು ಕೊನೆತನಕ

ಬೆಳಗ್ಗೆ ಎಂಟಕ್ಕೆ ಓಟಿಯ, ಅಂದರೆ ಆಪರೇಷನ್ ಥಿಯೇಟರಿನ ಟ್ರೇ ನೋಡಿ. ಸಿರಿಂಜ್‌ಗಳು ಸಾಲಾಗಿ ಮಲಗಿರುತ್ತವೆ. ಹಾಲಿನ ಹಾಗೆ ಬೆಳ್ಳಗಿರುವುದು ನಿದ್ದೆ ಬರಿಸುವ ಪ್ರೊಪೊಫಾಲ್, ದೂರದಿಂದಲೇ ಗೊತ್ತಾಗುತ್ತದೆ. ಮಿಕ್ಕಿದ್ದೆಲ್ಲ ನೀರಿನ ಹಾಗೆ: ಫೆಂಟನಿಲ್, ಮಿಡಜೋಲಾಮ್, ಗ್ಲೈಕೋಪೈರೋಲೇಟ್, ವೆಕ್ಯುರೋನಿಯಂ. ಬೆಳಕಿಗೆ ಹಿಡಿದು ನೋಡಿದರೂ ಯಾವುದು ಯಾವುದೆಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಮೊದಲ ಮೂರು ಅದಲುಬದಲಾದರೆ ಹೇಗೋ ಸಂಭಾಳಿಸಬಹುದು. ನಾಲ್ಕನೆಯದು ಮಸಲ್ ರಿಲ್ಯಾಕ್ಸೆಂಟ್, ಅಂದರೆ ಸ್ನಾಯು ಸಡಿಲಿಸುವ ಔಷಧಿ. ಅದನ್ನು ಎಚ್ಚರವಾಗಿರುವವರಿಗೆ ಕೊಟ್ಟರೆ, ಅವರಿಗೆ ಎಲ್ಲ ಕೇಳಿಸುತ್ತಿರುತ್ತದೆ, ಎಲ್ಲ ಗೊತ್ತಾಗುತ್ತಿರುತ್ತದೆ, ಉಸಿರು ಮಾತ್ರ ಎಳೆಯಲು ಆಗುವುದಿಲ್ಲ. ಕೂಗಲೂ ಆಗುವುದಿಲ್ಲ.

ಓಟಿಗೆ ಹೊಸದಾಗಿ ಬಂದ ಪಿಜಿಗಳು (ಸ್ನಾತಕೋತ್ತರ ಓದುವ ಡಾಕ್ಟರುಗಳು), ಅನಸ್ತೇಶಿಯಾ ಟೆಕ್ನಾಲಜಿ ಓದುವವರು, ಐಸಿಯು ಮತ್ತು ರಿಕವರಿ ಸಿಸ್ಟರ್‌ಗಳು, ನಿಮಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ಇದನ್ನು ಓದಿಕೊಂಡು ಯಾರೂ ಒಬ್ಬರೇ ಕೊಡಲು ಹೋಗಬೇಡಿ. ಗಂಟಲಿಗೆ ಉಸಿರಿನ ಟ್ಯೂಬ್ ಹಾಕಲು ಬರುವವರು ಪಕ್ಕದಲ್ಲಿಲ್ಲದೆ, ಆಕ್ಸಿಜನ್, ಸಕ್ಷನ್, ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಕೈಗೆಟುಕುವಂತಿಲ್ಲದೆ ಈ ವಯಲ್ ಒಡೆಯಲೇಬಾರದು.

ಮೊದಲು ಇದೇನು ಮಾಡುತ್ತದೆ ಅಂತ

ನರ ಸ್ನಾಯುವಿಗೆ ಮಾತು ತಲುಪಿಸುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ನರದ ತುದಿಯಲ್ಲಿ ಅದು ಹೊರಬರುತ್ತದೆ, ಸ್ನಾಯುವಿನ ಮೇಲಿರುವ ಬೀಗಕ್ಕೆ ಕೀಲಿಯ ಹಾಗೆ ಕೂರುತ್ತದೆ, ಸ್ನಾಯು ಬಿಗಿಯಾಗುತ್ತದೆ. ವೆಕ್ಯುರೋನಿಯಂ, ಅಟ್ರಾಕ್ಯುರಿಯಂ, ರೋಕ್ಯುರೋನಿಯಂ ಆ ಬೀಗದ ಕಿಂಡಿಯಲ್ಲಿ ಹೋಗಿ ಸುಮ್ನೆ ಕೂತುಬಿಡುತ್ತವೆ. ತಾವೂ ತೆರೆಯುವುದಿಲ್ಲ, ಬೇರೆಯವರಿಗೂ ಬಿಡುವುದಿಲ್ಲ. ನಾಗರಹಾವಿನ ವಿಷ ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸವನ್ನು. ಕಣ್ಣಿನ ರೆಪ್ಪೆ ಜೋತುಬಿದ್ದು, ಉಸಿರು ಸೋತು ಬರುವ ಹಾವು ಕಡಿತದ ರೋಗಿಯನ್ನು ನೋಡಿದ್ದರೆ ನೀವು ರಿಲ್ಯಾಕ್ಸೆಂಟ್ ಕೆಲಸವನ್ನೂ ನೋಡಿದ ಹಾಗೆಯೇ. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಹಚ್ಚುತ್ತಿದ್ದ ಕ್ಯುರಾರೆಯಿಂದಲೇ ಈ ಔಷಧಿಗಳ ಕಥೆ ಶುರು. 1942ರ ಜನವರಿ 23ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅದನ್ನು ಅಪೆಂಡಿಕ್ಸ್ ಆಪರೇಷನ್ ಒಂದರಲ್ಲಿ ಅರಿವಳಿಕೆಯ ಜೊತೆ ಕೊಟ್ಟರು.

ನೆನಪಿಡಬೇಕಾದ್ದು ಏನೆಂದರೆ, ಇದು ಮಿದುಳಿಗೆ ಹೋಗುವುದಿಲ್ಲ. ನಿದ್ದೆ ಬರಿಸುವುದಿಲ್ಲ, ನೋವು ಕಡಿಮೆ ಮಾಡುವುದಿಲ್ಲ. ಹೃದಯದ ಬಡಿತ ನಿಲ್ಲಿಸುವುದಿಲ್ಲ, ಆ ಸ್ನಾಯುವಿನ ಲೆಕ್ಕವೇ ಬೇರೆ. ಬ್ರಿಟನ್‌ನಲ್ಲಿ 2014ರಲ್ಲಿ ಹೊರಬಂದ ಎನ್‌ಎಪಿ5 ಎಂಬ ದೊಡ್ಡ ವರದಿಯಲ್ಲಿ, ಆಪರೇಷನ್ ನಡುವೆ ಎಚ್ಚರವಾಗಿತ್ತು ಎಂದು ಹೇಳಿದವರ ಲೆಕ್ಕ ಹಾಕಿದ್ದರು. ರಿಲ್ಯಾಕ್ಸೆಂಟ್ ಕೊಟ್ಟ ಕೇಸುಗಳಲ್ಲಿ ಸುಮಾರು 8,000ಕ್ಕೆ ಒಂದು, ಕೊಡದ ಕೇಸುಗಳಲ್ಲಿ ಸುಮಾರು 1,36,000ಕ್ಕೆ ಒಂದು. ಕಾರಣ ಸರಳ. ರಿಲ್ಯಾಕ್ಸೆಂಟ್ ಇಲ್ಲದಿದ್ದರೆ ಎಚ್ಚರವಾದ ರೋಗಿ ಕೈ ಎಳೆದುಕೊಳ್ಳುತ್ತಾರೆ, ನಮಗೆ ಗೊತ್ತಾಗುತ್ತದೆ. ಹಾಗಾಗಿ ಅಲುಗಾಡದೆ ಮಲಗಿದ್ದಾರೆ ಅಂದರೆ ನಿದ್ದೆಯಲ್ಲಿದ್ದಾರೆ ಅಂತ ಯಾವತ್ತೂ ಅಂದುಕೊಳ್ಳಬೇಡಿ.

ಪಿಎಸಿಯಲ್ಲಿ, ಅಂದರೆ ಅರಿವಳಿಕೆಗೆ ಮುಂಚಿನ ತಪಾಸಣೆಯಲ್ಲಿ ಕೇಳಬೇಕಾದ್ದು

"ಮನೆಯಲ್ಲಿ ಯಾರಿಗಾದರೂ ಮತ್ತಿನ ಇಂಜೆಕ್ಷನ್ ಕೊಟ್ಟಾಗ ತೊಂದರೆ ಆಗಿತ್ತಾ? ತಡವಾಗಿ ಎಚ್ಚರ ಆಗಿದ್ರಾ? ಮೆಷಿನ್ ಮೇಲೆ ಇಟ್ಟಿದ್ರಾ?" ಇಷ್ಟು ಕೇಳಲು ಅರ್ಧ ನಿಮಿಷ ಸಾಕು. ಇದನ್ನು ನಮ್ಮ ಕಡೆ ಕೇಳಲೇಬೇಕು, ಯಾಕೆಂದರೆ ಸಕ್ಸಿನೈಲ್‌ಕೋಲಿನ್ ಅಂದರೆ ನಾವೆಲ್ಲ ಸ್ಕೋಲಿನ್ ಅನ್ನುವ ರಿಲ್ಯಾಕ್ಸೆಂಟನ್ನು ಒಡೆಯುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ ಇರುತ್ತದೆ, ಮತ್ತು ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡಿನ ಆರ್ಯವೈಶ್ಯ ಸಮುದಾಯದಲ್ಲಿ ಇದು ಬೇರೆಯವರಿಗಿಂತ ಜಾಸ್ತಿ ಅಂತ ಅಧ್ಯಯನಗಳಲ್ಲಿ ದಾಖಲಾಗಿದೆ. ಹಾಗಂತ ಆ ಸಮುದಾಯದ ಎಲ್ಲರಿಗೂ ಇದೆ ಅಂತಲ್ಲ, ಬೇರೆಯವರಿಗೆ ಇರಲಾರದು ಅಂತಲೂ ಅಲ್ಲ. ಸಂಶಯ ಬಂದರೆ ಆ ಕಿಣ್ವದ, ಅಂದರೆ ಸ್ಯೂಡೋಕೋಲಿನೆಸ್ಟರೇಸ್ ಪರೀಕ್ಷೆ ಮಾಡಿಸಿ, ಇಲ್ಲವೇ ಸ್ಕೋಲಿನ್ ಬಿಟ್ಟು ರೋಕ್ಯುರೋನಿಯಂ ಬಳಸಿ.

ಇದೇ ಕಿಣ್ವದ ತೊಂದರೆ ಇನ್ನೊಂದು ದಾರಿಯಿಂದಲೂ ಬರುತ್ತದೆ. ಹೊಲಕ್ಕೆ ಹೊಡೆಯುವ ಔಷಧಿ ಕುಡಿದು ಬಂದವರಲ್ಲಿ, ಅದು ಆರ್ಗನೋಫಾಸ್ಫೇಟ್ ಆಗಿದ್ದರೆ, ಕಿಣ್ವವೇ ಕಟ್ಟಿಹಾಕಿಕೊಂಡಿರುತ್ತದೆ. ಅಂಥವರಿಗೆ ಕ್ಯಾಶುವಾಲ್ಟಿಯಲ್ಲಿ ಅಭ್ಯಾಸಬಲದಿಂದ ಸ್ಕೋಲಿನ್ ಕೊಟ್ಟರೆ ಹತ್ತು ನಿಮಿಷದ ಔಷಧಿ ಗಂಟೆಗಟ್ಟಲೆ ಕೂರುತ್ತದೆ.

ಇನ್ನು ಕೇಳಬೇಕಾದ್ದು: ಸುಟ್ಟಗಾಯ, ಬೆನ್ನುಹುರಿ ಪೆಟ್ಟು, ಲಕ್ವ, ವಾರಗಟ್ಟಲೆ ಹಾಸಿಗೆ ಹಿಡಿದದ್ದು, ಕಿಡ್ನಿ ತೊಂದರೆ, ಮಯಸ್ತೇನಿಯಾ ಎಂಬ ಸ್ನಾಯು ಸೋಲುವ ಕಾಯಿಲೆ. ಸ್ಕೋಲಿನ್ ಕೊಟ್ಟರೆ ಸಾಮಾನ್ಯ ಮನುಷ್ಯನಲ್ಲೂ ರಕ್ತದ ಪೊಟ್ಯಾಶಿಯಂ 0.5ರಷ್ಟು ಏರುತ್ತದೆ, ಅದು ಲೆಕ್ಕಕ್ಕಿಲ್ಲ. ಆದರೆ ಸುಟ್ಟು ಒಂದೆರಡು ದಿನ ದಾಟಿದವರಲ್ಲಿ, ಲಕ್ವ ಹೊಡೆದವರಲ್ಲಿ ಅದು ಹೃದಯ ನಿಲ್ಲುವಷ್ಟು ಏರಬಹುದು. ಡುಶೆನ್ ಎಂಬ ಸ್ನಾಯು ಸವೆಯುವ ಕಾಯಿಲೆ ಇರುವ ಹುಡುಗರಲ್ಲೂ ಹಾಗೆಯೇ, ಮತ್ತು ಚಿಕ್ಕ ವಯಸ್ಸಿನಲ್ಲಿ ಆ ಕಾಯಿಲೆ ಇದೆ ಅಂತ ತಂದೆತಾಯಿಗೇ ಗೊತ್ತಿರುವುದಿಲ್ಲ. ಅದಕ್ಕೇ ಮಕ್ಕಳಿಗೆ ತುರ್ತು ಇಲ್ಲದಿದ್ದರೆ ಸ್ಕೋಲಿನ್ ಬೇಡ ಅನ್ನುತ್ತಾರೆ.

ಯಾವುದು, ಎಷ್ಟು

60 ಕೆಜಿ ತೂಕದವರೊಬ್ಬರನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಪುಸ್ತಕದ ಮಿಗ್ರಾಂ ಕಣ್ಣಿಗೆ ಕಾಣುವುದಿಲ್ಲ, ಸಿರಿಂಜ್‌ನ ಎಂಎಲ್ ಕಾಣುತ್ತದೆ.

ಸ್ಕೋಲಿನ್ ಕೆಜಿಗೆ 1ರಿಂದ 1.5 ಮಿಗ್ರಾಂ. ಅಂದರೆ 60ರಿಂದ 90 ಮಿಗ್ರಾಂ. ಒಂದು ನಿಮಿಷದೊಳಗೆ ಕೆಲಸ, ಐದರಿಂದ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಕೊಟ್ಟ ತಕ್ಷಣ ರೆಪ್ಪೆ, ಗದ್ದ, ಭುಜ, ಹೊಟ್ಟೆ ಅಂತ ಮೇಲಿಂದ ಕೆಳಕ್ಕೆ ಚರ್ಮದಡಿ ಇರುವೆ ಸಾಲು ಹರಿದ ಹಾಗೆ ನಡುಕ ಓಡುತ್ತದೆ. ಕಾಲ್ಬೆರಳಲ್ಲಿ ನಿಂತಿತು ಅಂದರೆ ಟ್ಯೂಬ್ ಹಾಕಬಹುದು. ಮಾರನೆಯ ದಿನ ರೋಗಿ "ಆಪರೇಷನ್ ಹೊಟ್ಟೆಗೆ, ನೋವು ಮಾತ್ರ ಮೈಕೈಗೆಲ್ಲ ಯಾಕೆ ಸಾರ್" ಅಂತ ಕೇಳಿದರೆ ಉತ್ತರ ಇದೇ ನಡುಕ.

ವೆಕ್ಯುರೋನಿಯಂ ಕೆಜಿಗೆ 0.1 ಮಿಗ್ರಾಂ, ಅಂದರೆ 6. ಪುಡಿಯಾಗಿ ಬರುತ್ತದೆ, 4 ಮತ್ತು 10 ಮಿಗ್ರಾಂ ಎರಡೂ ವಯಲ್ ಇರುತ್ತವೆ, ಎರಡೂ ನೋಡಲು ಅಣ್ಣತಮ್ಮಂದಿರ ಹಾಗೆ. 1 ಎಂಎಲ್‌ಗೆ 1 ಮಿಗ್ರಾಂ ಆಗುವಂತೆ ಕಲಸಿ, ಬೇರೆ ಲೆಕ್ಕ ಮಾಡಲೇಬೇಡಿ. ಟ್ಯೂಬ್ ಹಾಕಲು ಮೂರು ನಿಮಿಷ ಕಾಯಬೇಕು, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಇರುತ್ತದೆ. ಲಿವರ್, ಕಿಡ್ನಿ ಸರಿ ಇಲ್ಲದವರಲ್ಲಿ ಇನ್ನೂ ಎಳೆಯುತ್ತದೆ.

ಅಟ್ರಾಕ್ಯುರಿಯಂ ಕೆಜಿಗೆ 0.5, ಅಂದರೆ 30 ಮಿಗ್ರಾಂ. 25 ಮಿಗ್ರಾಂನ ಒಂದು ಆಂಪೂಲ್ ಸಾಲುವುದಿಲ್ಲ, ಎರಡು ಒಡೆಯಬೇಕು. ರಕ್ತದಲ್ಲಿ ತನ್ನಷ್ಟಕ್ಕೆ ತಾನೇ ಒಡೆದುಹೋಗುತ್ತದೆ, ಹಾಗಾಗಿ ಕಿಡ್ನಿ ಹೋದವರಿಗೆ ಇದೇ ಒಳ್ಳೆಯದು. ಬೇಗ ತಳ್ಳಿದರೆ ಎದೆ, ಕುತ್ತಿಗೆ ಕೆಂಪಾಗಿ ಬಿಪಿ ಇಳಿಯಬಹುದು, ಆಸ್ತಮಾ ಇದ್ದರೆ ಯೋಚಿಸಿ, ನಿಧಾನಕ್ಕೆ ಕೊಡಿ.

ರೋಕ್ಯುರೋನಿಯಂ ಸಾಮಾನ್ಯ ಕೇಸಿಗೆ 0.6, ಹೊಟ್ಟೆ ತುಂಬಿದ ತುರ್ತು ಕೇಸಿಗೆ ಸ್ಕೋಲಿನ್ ಬದಲು ಕೊಡುವುದಾದರೆ 1.2. ಆಗ 72 ಮಿಗ್ರಾಂ ಆಗುತ್ತದೆ, 50ರ ವಯಲ್ ಒಂದರಲ್ಲಿ ಅರ್ಧ ಕೆಲಸ ಮಾಡಿ ಟ್ಯೂಬ್ ಹೋಗುತ್ತಿಲ್ಲ ಎಂದು ಒದ್ದಾಡುವವರನ್ನು ನೋಡಿದ್ದೇನೆ. ದಪ್ಪ ಇರುವವರಲ್ಲಿ ವೆಕ್, ರೋಕ್, ಅಟ್ರಾ ಮೂರನ್ನೂ ಎತ್ತರಕ್ಕೆ ತಕ್ಕ ತೂಕಕ್ಕೆ ಲೆಕ್ಕ ಹಾಕಿ. ಸ್ಕೋಲಿನ್ ಮಾತ್ರ ಇರುವ ತೂಕಕ್ಕೆ.

ಕೊಡುವ ಹೊತ್ತು

ಮೂರು ನಿಮಿಷ ಮಾಸ್ಕಿನಿಂದ ಪೂರ್ತಿ ಆಕ್ಸಿಜನ್. ಆಮೇಲೆ ನಿದ್ದೆಯ ಔಷಧಿ. ರೆಪ್ಪೆ ಮುಟ್ಟಿ ನೋಡಿ, ಅಲುಗದಿದ್ದರೆ ರಿಲ್ಯಾಕ್ಸೆಂಟ್. ಈ ಕ್ರಮ ತಪ್ಪಲೇಬಾರದು. ಸಿರಿಂಜ್ ಕೈಗೆ ತೆಗೆದುಕೊಳ್ಳುವಾಗ ಲೇಬಲ್ ಓದಿ, ಕೊಡುವ ಮುಂಚೆ ಹೆಸರು ಬಾಯಿಬಿಟ್ಟು ಹೇಳಿ: "ವೆಕ್ ಆರು ಹೋಗ್ತಿದೆ." ಪಕ್ಕದಲ್ಲಿರುವ ಸಿಸ್ಟರ್ ಗಂಟೆ ಬರೆದುಕೊಳ್ಳಲಿ. ಆ ಗಂಟೆ ಕೊನೆಯಲ್ಲಿ ಬೇಕಾಗುತ್ತದೆ.

ನಿದ್ದೆಗೆ ಥಯೋಪೆಂಟೋನ್ ಕೊಟ್ಟಿದ್ದರೆ ನಡುವೆ ಸಲೈನ್ ಬಿಡಿ. ಇಲ್ಲದಿದ್ದರೆ ವೆಕ್, ರೋಕ್ ಜೊತೆ ಸೇರಿ ಲೈನಿನಲ್ಲೇ ಮೊಸರು ಒಡೆದ ಹಾಗೆ ಗಟ್ಟಿಯಾಗಿ, ತುರ್ತಿನ ಹೊತ್ತಲ್ಲಿ ಇದ್ದ ಒಂದು ಲೈನೂ ಹೋಗುತ್ತದೆ. ಟ್ಯೂಬ್ ಹಾಕುವುದು ಕಷ್ಟವಾಗಿ ಎರಡನೇ ಸಲ, ಮೂರನೇ ಸಲ ಪ್ರಯತ್ನ ಮಾಡುತ್ತಿದ್ದರೆ ಮತ್ತೆ ಪ್ರೊಪೊಫಾಲ್ ಕೊಡಿ. ಎಲ್ಲರ ಕಣ್ಣು ಗಂಟಲ ಮೇಲಿರುತ್ತದೆ, ಮೊದಲು ಕೊಟ್ಟ ನಿದ್ದೆ ಅಷ್ಟರಲ್ಲಿ ತಿಳಿಯಾಗುತ್ತಾ ಬಂದಿರುತ್ತದೆ.

ಟ್ಯೂಬ್ ಹೋಗಿ ಎರಡೇ ನಿಮಿಷಕ್ಕೆ ಬಿಪಿ ಬಿದ್ದು, ಬ್ಯಾಗ್ ಒತ್ತಲು ಬಿಗಿಯಾದರೆ ಅಲರ್ಜಿ ಅಂತ ಮೊದಲು ಯೋಚಿಸಿ, ಟ್ಯೂಬನ್ನು ಆಮೇಲೆ ಬೈಯಿರಿ. ಅರಿವಳಿಕೆಯ ಹೊತ್ತಿನ ದೊಡ್ಡ ಅಲರ್ಜಿಗಳಲ್ಲಿ ಆಂಟಿಬಯೋಟಿಕ್ ಜೊತೆಗೆ ರಿಲ್ಯಾಕ್ಸೆಂಟ್‌ಗಳ ಹೆಸರೂ ಯಾವಾಗಲೂ ಮುಂದೆ ಇರುತ್ತದೆ. ಆಗ ಬೇಕಾದ್ದು ಅಡ್ರಿನಲಿನ್. ಸ್ಕೋಲಿನ್ ಅಥವಾ ಸೆವೋಫ್ಲುರೇನ್‌ನಂಥ ಮತ್ತಿನ ಗ್ಯಾಸ್ ಕೊಟ್ಟ ಮೇಲೆ ಕಾರಣವಿಲ್ಲದೆ ಕಾರ್ಬನ್ ಡೈಆಕ್ಸೈಡ್ ಏರುತ್ತಲೇ ಹೋಗಿ, ದವಡೆ ಬಿಗಿದು, ಆಮೇಲೆ ಮೈ ಬಿಸಿಯಾದರೆ ಮ್ಯಾಲಿಗ್ನಂಟ್ ಹೈಪರ್ಥರ್ಮಿಯಾ. ಗ್ಯಾಸ್ ನಿಲ್ಲಿಸಿ, ಡಾಂಟ್ರೋಲೀನ್ ಕೆಜಿಗೆ 2.5 ಮಿಗ್ರಾಂ ಬೇಕು. ಅದು ನಮ್ಮಲ್ಲಿ ಎಲ್ಲ ಕಡೆ ಸಿಗುವ ಔಷಧಿಯಲ್ಲ, ಹತ್ತಿರದಲ್ಲಿ ಯಾರ ಹತ್ತಿರ ಇದೆ ಅಂತ ಇವತ್ತೇ ವಿಚಾರಿಸಿ ಫೋನ್ ನಂಬರ್ ಗೋಡೆಗೆ ಅಂಟಿಸಿ.

ನಡುವೆ: "ಸ್ವಲ್ಪ ಟೈಟ್ ಇದೆ"

ಸರ್ಜನ್ ಹೊಟ್ಟೆ ಮುಚ್ಚುವ ಹೊತ್ತಿಗೆ ಈ ಮಾತು ಬಂದೇ ಬರುತ್ತದೆ. ಕೈ ತಾನಾಗಿ ವೆಕ್ ಸಿರಿಂಜ್ ಕಡೆ ಹೋಗುತ್ತದೆ. ತಡೆಯಿರಿ. ಮುಗಿಯಲು ಹತ್ತು ನಿಮಿಷ ಇರುವಾಗ ಕೊಟ್ಟ ಒಂದು ಮಿಗ್ರಾಂ ನಿಮ್ಮನ್ನು ಮುಕ್ಕಾಲು ಗಂಟೆ ಕಾಯಿಸಬಹುದು. ಗ್ಯಾಸ್ ಸ್ವಲ್ಪ ಏರಿಸಿ, ಇಲ್ಲವೇ ಚೂರು ಪ್ರೊಪೊಫಾಲ್ ಕೊಡಿ, ಅಷ್ಟರಲ್ಲಿ ಸರ್ಜನ್ ಪದರ ಹೊಲಿದು ಮುಗಿಸಿರುತ್ತಾರೆ. ಬಿಪಿ ಏರಿ, ನಾಡಿ ಓಡಿ, ಕಣ್ಣಲ್ಲಿ ನೀರು ಬಂದಿದ್ದರಂತೂ ರಿಲ್ಯಾಕ್ಸೆಂಟ್ ಮುಟ್ಟಲೇಬೇಡಿ, ಆ ರೋಗಿಗೆ ಬೇಕಾಗಿರುವುದು ನಿದ್ದೆ ಮತ್ತು ನೋವಿನ ಔಷಧಿ.

ಫಿಟ್ಸ್ ಬಂದ ಬಸುರಿಗೆ ಮೆಗ್ನೀಷಿಯಂ ಹೋಗುತ್ತಿದ್ದರೆ, ಜೆಂಟಾಮೈಸಿನ್, ಅಮಿಕಾಸಿನ್ ಕೊಟ್ಟಿದ್ದರೆ, ಮೈ ತಣ್ಣಗಾಗಿದ್ದರೆ ಅದೇ ಡೋಸು ಇನ್ನೂ ಉದ್ದಕ್ಕೆ ಎಳೆಯುತ್ತದೆ.

ಬಿಡಿಸುವುದು

ನನ್ನ ಪ್ರಕಾರ ಈ ಕೆಲಸದ ಮುಕ್ಕಾಲು ಭಾಗ ಇಲ್ಲೇ ಇದೆ. ನಾನು ಪಿಜಿ ಎರಡನೇ ವರ್ಷದಲ್ಲಿದ್ದಾಗ ರಾತ್ರಿ ಎರಡು ಗಂಟೆಗೆ ಒಂದು ಅಪೆಂಡಿಕ್ಸ್ ಮುಗಿಸಿದೆ. ಮೂವತ್ತರ ಹೆಣ್ಣುಮಗಳು. ರಿವರ್ಸಲ್, ಅಂದರೆ ರಿಲ್ಯಾಕ್ಸೆಂಟ್ ಬಿಡಿಸುವ ಔಷಧಿ, ಒಂದು ಆಂಪೂಲ್ ಕೊಟ್ಟೆ. ಕಣ್ಣು ಬಿಟ್ಟರು, ಕೈ ಹಿಡಿ ಅಂದರೆ ಹಿಡಿದರು, ತಲೆ ಎತ್ತಿ ಅಂದೆ, ಐದು ಎಣಿಸುವಷ್ಟು ಎತ್ತಿದರು. ಟ್ಯೂಬ್ ತೆಗೆದೆ. ರಿಕವರಿಗೆ ಬಿಟ್ಟು ಟೀ ಕುಡಿಯಲು ಹೋದವನನ್ನು ಸಿಸ್ಟರ್ ಓಡಿಬಂದು ಕರೆದರು. ರಕ್ತದ ಆಕ್ಸಿಜನ್ ಸ್ಯಾಚುರೇಶನ್ 84. ಆಕೆಯ ಕಣ್ಣು ಅಗಲವಾಗಿ ತೆರೆದಿತ್ತು, ಎದೆ ಮೇಲಕ್ಕೆ, ಹೊಟ್ಟೆ ಕೆಳಕ್ಕೆ ತೂಗುತ್ತಿತ್ತು, ಬಾಯಿ ದಡಕ್ಕೆ ಬಿದ್ದ ಮೀನಿನ ಹಾಗೆ. ಗದ್ದ ಎತ್ತಿ ಹಿಡಿದು ಆಂಬು ಬ್ಯಾಗಿನಲ್ಲಿ ಉಸಿರು ಕೊಟ್ಟು ಮತ್ತೆ ಟ್ಯೂಬ್ ಹಾಕಬೇಕಾಯಿತು. ಬೆಳಗ್ಗೆ ಚೆನ್ನಾಗಿದ್ದರು. "ಯಾರೋ ಎದೆ ಮೇಲೆ ಕೂತ ಹಾಗಿತ್ತು, ಹೇಳೋಕೆ ಬಾಯಿ ಬರಲಿಲ್ಲ" ಅಂದರು.

ತಪ್ಪು ಎಲ್ಲಿ? ವಪೆ ಅಂದರೆ ಡಯಾಫ್ರಮ್ ಬೇಗ ಚೇತರಿಸಿಕೊಳ್ಳುತ್ತದೆ. ಗಂಟಲಿನ ಸ್ನಾಯು ತಡ. ಟ್ಯೂಬ್ ಇರುವವರೆಗೆ ಗಂಟಲು ತೆರೆದೇ ಇರುತ್ತದೆ, ಎಲ್ಲ ಸರಿ ಕಾಣುತ್ತದೆ. ತೆಗೆದ ಮೇಲೆ ಗಂಟಲು ಕುಸಿಯುತ್ತದೆ. ಕೈ ಹಿಡಿಯುವುದು, ತಲೆ ಎತ್ತುವುದು ಅರ್ಧಂಬರ್ಧ ಚೇತರಿಸಿಕೊಂಡವರಿಗೂ ಆಗುತ್ತದೆ. ಅದರ ಮೇಲೆ ಭರವಸೆ ಇಡಬೇಡಿ ಅಂತ ಅಮೆರಿಕದ ಅರಿವಳಿಕೆ ತಜ್ಞರ ಸಂಘವೂ 2023ರ ಮಾರ್ಗಸೂಚಿಯಲ್ಲಿ ಹೇಳಿದೆ.

ಅಳೆಯುವ ದಾರಿ ಟಿಓಎಫ್, ಅಂದರೆ ಟ್ರೇನ್ ಆಫ್ ಫೋರ್. ಮಣಿಕಟ್ಟಿನಲ್ಲಿ ಕಿರುಬೆರಳಿನ ಕಡೆ ಎರಡು ಸ್ಟಿಕರ್ ಅಂಟಿಸಿ, ಅರ್ಧ ಸೆಕೆಂಡಿಗೊಂದರಂತೆ ನಾಲ್ಕು ಸಣ್ಣ ಶಾಕ್ ಕೊಟ್ಟು ಹೆಬ್ಬೆರಳು ನೋಡುವುದು. ಪೂರ್ತಿ ಹಿಡಿದಿದ್ದರೆ ಹೆಬ್ಬೆರಳು ಸತ್ತ ಹಾಗೆ ಇರುತ್ತದೆ. ಬಿಡುತ್ತಾ ಬಂದ ಹಾಗೆ ಒಂದು ಏಟಿಗೆ ಅಲುಗುತ್ತದೆ, ಆಮೇಲೆ ಎರಡು, ಮೂರು. ನಾಲ್ಕೂ ಬಂದಾಗಲೂ ಮೊದಲನೆಯದು ಜೋರಾಗಿ, ನಾಲ್ಕನೆಯದು ಸುಸ್ತಾಗಿ ಇರುತ್ತದೆ. ನಾಲ್ಕನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 0.9 ಅಥವಾ ಮೇಲೆ ಬರಬೇಕು. ಆಗ ಮಾತ್ರ ಟ್ಯೂಬ್ ತೆಗೆಯುವುದು. ಮುಟ್ಟಿ ನೋಡಿ "ನಾಲ್ಕೂ ಸಮ ಇದೆ" ಅನ್ನುವುದರಲ್ಲಿ ಒಂದು ಮೋಸ ಇದೆ: 0.4 ದಾಟಿದ ಮೇಲೆ ವ್ಯತ್ಯಾಸ ನಮ್ಮ ಬೆರಳಿಗೆ ಗೊತ್ತಾಗುವುದೇ ಇಲ್ಲ. ಅಂಕಿ ತೋರಿಸುವ ಮಾನಿಟರ್ ಬೇಕು. ಅದನ್ನು ಕೊಡಿಸಿ ಅಂತ ಆಡಳಿತದವರ ಹಿಂದೆ ಬೀಳಿ. ಬರುವವರೆಗೆ ಕೊನೆಯ ಡೋಸಿನ ಗಂಟೆ ನೋಡಿ, ಸಂಶಯವಿದ್ದರೆ ಟ್ಯೂಬ್ ತೆಗೆಯದೆ ಮೆಷಿನ್ ಮೇಲೆಯೇ ಇಡಿ, ನಿದ್ದೆಯೂ ಇರಲಿ. ಅರ್ಧ ಗಂಟೆ ಜಾಸ್ತಿ ಕಾದರೆ ಮುಂದಿನ ಕೇಸಿನವರು ಬೈಯಬಹುದು, ಬೈಯಲಿ.

ನಿಯೋಸ್ಟಿಗ್ಮಿನ್ ಕೆಜಿಗೆ 0.05 ಮಿಗ್ರಾಂ, ಒಟ್ಟು 5 ದಾಟಬಾರದು. ಜೊತೆಗೆ ಪ್ರತಿ 1 ಮಿಗ್ರಾಂಗೆ ಗ್ಲೈಕೋ 0.2 ಮಿಗ್ರಾಂ, ಇಲ್ಲದಿದ್ದರೆ ನಾಡಿ ಬಿದ್ದುಹೋಗುತ್ತದೆ. 2.5 ಮಿಗ್ರಾಂ ನಿಯೋಸ್ಟಿಗ್ಮಿನ್ ಜೊತೆ 0.5 ಗ್ಲೈಕೋ ಸೇರಿಸಿದ 5 ಎಂಎಲ್ ಆಂಪೂಲ್ ನಮ್ಮಲ್ಲಿ ಸಿಗುತ್ತದೆ, ಎಲ್ಲರಿಗೂ ಒಂದೇ ಒಂದು ಒಡೆದು ಕೊಡುವ ಅಭ್ಯಾಸ ಇದೆ. 60 ಕೆಜಿಯವರಿಗೆ 3 ಮಿಗ್ರಾಂ ಬೇಕು, ನೀವೇ ಲೆಕ್ಕ ಹಾಕಿ. ಇನ್ನೊಂದು, ಇದು ಪೂರ್ತಿ ಕೆಲಸ ಮಾಡಲು ಹತ್ತು ನಿಮಿಷವಾದರೂ ಬೇಕು, ಡ್ರೆಸಿಂಗ್ ಅಂಟಿಸುವಾಗ ಕೊಟ್ಟರೆ ತಡವಾಯಿತು. ಹೆಬ್ಬೆರಳು ಒಂದೂ ಅಲುಗದಿರುವಾಗ ಕೊಟ್ಟರೆ ವ್ಯರ್ಥ, ನಾಲ್ಕು ಬರುವವರೆಗೆ ಕಾಯಿರಿ.

ಸುಗಮಾಡೆಕ್ಸ್ ಬೇರೆ ಜಾತಿ. ರೋಕ್, ವೆಕ್ ಎರಡನ್ನೂ ರಕ್ತದಲ್ಲೇ ಅಪ್ಪಿ ಹಿಡಿಯುತ್ತದೆ. ಅಟ್ರಾ, ಸ್ಕೋಲಿನ್‌ಗೆ ಏನೂ ಮಾಡುವುದಿಲ್ಲ. ಎರಡು ಏಟು ಬಂದಿದ್ದರೆ ಕೆಜಿಗೆ 2 ಮಿಗ್ರಾಂ, ಆಳವಾಗಿದ್ದರೆ 4, ಈಗ ತಾನೇ ರೋಕ್ ಕೊಟ್ಟು ಟ್ಯೂಬೂ ಹೋಗುತ್ತಿಲ್ಲ, ಮಾಸ್ಕಿನಿಂದ ಉಸಿರೂ ಹೋಗುತ್ತಿಲ್ಲ ಅನ್ನುವ ಹೊತ್ತಿಗೆ 16. 60 ಕೆಜಿಗೆ 960 ಮಿಗ್ರಾಂ, ಅಂದರೆ 200ರ ಐದು ವಯಲ್. "ನಮ್ಮಲ್ಲಿ ಸುಗಮಾಡೆಕ್ಸ್ ಇದೆ" ಅನ್ನುವವರ ಕಪಾಟಿನಲ್ಲಿ ಎಷ್ಟೋ ಸಲ ಒಂದೇ ಇರುತ್ತದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೆ ಮುಂದಿನ ಏಳು ದಿನ ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಹೇಳಿ, ಇದನ್ನು ಯಾರೂ ಹೇಳುವುದಿಲ್ಲ.

ಸ್ಕೋಲಿನ್ ಕೊಟ್ಟವರು ಅರ್ಧ ಗಂಟೆಯಾದರೂ ಅಲುಗದಿದ್ದರೆ ಗಾಬರಿ ಬೇಡ, ನಿಯೋಸ್ಟಿಗ್ಮಿನ್ ಅಂತೂ ಬೇಡವೇ ಬೇಡ, ಅದು ಉಳಿದ ಕಿಣ್ವವನ್ನೂ ಕಟ್ಟಿಹಾಕುತ್ತದೆ. ನಿದ್ದೆ ಕೊಟ್ಟು, ಉಸಿರು ಕೊಟ್ಟು ಕಾಯಿರಿ. ಕೆಲವು ಗಂಟೆಗಳಲ್ಲಿ ತಾನೇ ಬಿಡುತ್ತದೆ. ಆಮೇಲೆ ಡಿಸ್ಚಾರ್ಜ್ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೂ ಬರೆದುಕೊಡಿ, ಅಣ್ಣತಮ್ಮ ಅಕ್ಕತಂಗಿಯರ ರಕ್ತವನ್ನೂ ಪರೀಕ್ಷೆ ಮಾಡಿಸಲು ಹೇಳಿ.

ಫ್ರಿಜ್, ಲೇಬಲ್, ಲೈನ್

2017ರ ಡಿಸೆಂಬರಿನಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 75 ವರ್ಷದ ಒಬ್ಬರಿಗೆ ಸ್ಕ್ಯಾನ್‌ಗೆ ಮುಂಚೆ ಭಯ ಕಡಿಮೆ ಮಾಡಲು ಮಿಡಜೋಲಾಮ್ ಬರೆದಿದ್ದರು. ಅದರ ಬ್ರ್ಯಾಂಡ್ ಹೆಸರು ವರ್ಸೆಡ್. ನರ್ಸ್ ಔಷಧಿಯ ಯಂತ್ರದಲ್ಲಿ ಮೊದಲ ಎರಡು ಅಕ್ಷರ ಒತ್ತಿದರು, ಬಂದದ್ದು ವೆಕ್ಯುರೋನಿಯಂ. ಮಿಡಜೋಲಾಮ್ ನೀರಾಗಿಯೇ ಬರುತ್ತದೆ, ಇದು ಪುಡಿ, ಕಲಸಬೇಕಾಯಿತು, ಮುಚ್ಚಳದ ಮೇಲೆ ಎಚ್ಚರಿಕೆಯೂ ಇತ್ತು. ಆದರೂ ಹೋಯಿತು. ರೋಗಿ ಉಳಿಯಲಿಲ್ಲ, 2022ರಲ್ಲಿ ನರ್ಸ್‌ಗೆ ಕೋರ್ಟಿನಲ್ಲಿ ಅಪರಾಧ ಸಾಬೀತಾಯಿತು. ಇದನ್ನು ಓದಿ ಆ ನರ್ಸ್‌ಗೆ ಬೈಯುವ ಮುಂಚೆ ನಿಮ್ಮ ವಾರ್ಡಿನ ಫ್ರಿಜ್ ಬಾಗಿಲು ತೆಗೆದು ನೋಡಿ. ಇನ್ಸುಲಿನ್, ಆಕ್ಸಿಟೋಸಿನ್, ಟಿಟಿ, ಮಧ್ಯೆ ಎಲ್ಲೋ ಅಟ್ರಾಕ್ಯುರಿಯಂ.

ಸ್ಕೋಲಿನ್, ಅಟ್ರಾ, ರೋಕ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಆದರೆ ಬೇರೆ ಡಬ್ಬಿಯಲ್ಲಿ, ಮುಚ್ಚಳ ಹಾಕಿ, "ಉಸಿರು ನಿಲ್ಲಿಸುತ್ತದೆ" ಅಂತ ಬರೆದು. ಓಟಿ, ಐಸಿಯು, ಕ್ಯಾಶುವಾಲ್ಟಿ ಬಿಟ್ಟು ಬೇರೆ ಕಡೆ ಇಡುವುದೇ ಬೇಡ. ಸಿರಿಂಜ್‌ಗೆ ಕೆಂಪು ಲೇಬಲ್, ರಿವರ್ಸಲ್‌ಗೆ ಕೆಂಪು ಬಿಳಿ ಓರೆಪಟ್ಟಿ, ಇದು ಎಲ್ಲ ಕಡೆ ನಡೆಯುವ ಬಣ್ಣ. ಲೇಬಲ್ ಇಲ್ಲದಿದ್ದರೆ ಪ್ಲಾಸ್ಟರ್ ಹರಿದು ಪೆನ್ನಲ್ಲಿ ಬರೆಯಿರಿ. ಬರೆಯದ ಸಿರಿಂಜ್ ಸಿಕ್ಕರೆ ಒಳಗೇನಿದೆ ಅಂತ ಊಹೆ ಬೇಡ, ಸಿಂಕಿಗೆ ಚೆಲ್ಲಿ.

ಕೊನೆಯದಾಗಿ ಒಂದು ಸಣ್ಣ ವಿಷಯ. ಕ್ಯಾನುಲಾ ಮತ್ತು ಎಕ್ಸ್‌ಟೆನ್ಷನ್ ಟ್ಯೂಬಿನಲ್ಲಿ ಅರ್ಧ, ಒಂದು ಎಂಎಲ್ ಔಷಧಿ ನಿಂತೇ ಇರುತ್ತದೆ. ದೊಡ್ಡವರಿಗೆ ಅದು ಅಷ್ಟೇನಲ್ಲ ಅನ್ನಿಸಬಹುದು. ಹತ್ತು ಕೆಜಿ ಮಗುವಿಗೆ 1 ಎಂಎಲ್ ವೆಕ್ ಅಂದರೆ ಪೂರ್ತಿ ಡೋಸು. ಮಗು ಓಟಿಯಿಂದ ಅಳುತ್ತಾ ಹೋಗುತ್ತದೆ, ಎರಡು ಗಂಟೆ ಬಿಟ್ಟು ವಾರ್ಡಿನ ಸಿಸ್ಟರ್ ಆಂಟಿಬಯೋಟಿಕ್ ತಳ್ಳುತ್ತಾರೆ, ಮಗು ಅಮ್ಮನ ತೊಡೆಯ ಮೇಲೆಯೇ ಸುಮ್ಮನಾಗುತ್ತದೆ. ಆದ್ದರಿಂದ ಟ್ಯೂಬ್ ತೆಗೆಯುವ ಮುಂಚೆ, ಮೆಷಿನ್ ಇನ್ನೂ ಜೋಡಿಸಿರುವಾಗಲೇ, ಪ್ರತಿ ಕ್ಯಾನುಲಾಕ್ಕೂ ಸಲೈನ್ ತಳ್ಳಿ ತೊಳೆಯಿರಿ, ದೊಡ್ಡವರಿಗೆ 5 ಎಂಎಲ್, ಮಕ್ಕಳಿಗೆ ಟ್ಯೂಬಿನ ಉದ್ದ ನೋಡಿಕೊಂಡು 2 ಅಥವಾ 3. ಎರಡು ಕ್ಯಾನುಲಾ ಇದ್ದರೆ ಎರಡಕ್ಕೂ. ತೊಳೆದಾಯಿತು ಅಂತ ಚಾರ್ಟಿನಲ್ಲಿ ಗಂಟೆ ಹಾಕಿ, ರಿಕವರಿ ಸಿಸ್ಟರ್‌ಗೆ ಬಾಯಲ್ಲೂ ಹೇಳಿ.